ಟಿಸಿಜಿಎ ಸ್ತನ ಕ್ಯಾನ್ಸರ್ ಡೇಟಾ: ಸರ್ವೈವಲ್ ಗೆರೆ ಕೆಳಗೆ ಇಳೀತಾನೇ ಇಲ್ಲ!

ಗೆರೆ_ಗೊಂದಲ:
ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಟಿಸಿಜಿಎ (ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ) ಸ್ತನ ಕ್ಯಾನ್ಸರ್ ಡೇಟಾ ಇಳಿಸಿಕೊಂಡೆ. ಗಡ್ಡೆಯಲ್ಲಿ ಒಂದು ಜೀನ್‌ನ ಚಟುವಟಿಕೆ ಜಾಸ್ತಿ ಇರುವವರು, ಕಡಿಮೆ ಇರುವವರು ಅಂತ ಎರಡು ಗುಂಪು ಮಾಡಿ, ಆರ್ ಸಾಫ್ಟ್‌ವೇರ್‌ನಲ್ಲಿ ಕಪ್ಲಾನ್-ಮೇಯರ್ ಗೆರೆ (ದಿನ ಕಳೆದಂತೆ ಶೇಕಡಾ ಎಷ್ಟು ಜನ ಬದುಕಿದ್ದಾರೆ ಅಂತ ತೋರಿಸುವ ಗೆರೆ) ಎಳೆದೆ. ಎರಡೂ 100%ಕ್ಕೇ ಅಂಟಿಕೊಂಡಿವೆ. ಹತ್ತು ವರ್ಷ ಕಳೆದರೂ ಯಾರೂ ಸಾಯುವುದಿಲ್ಲ! ಸಮಯಕ್ಕೆ ‘ಡೇಸ್ ಟು ಲಾಸ್ಟ್ ಫಾಲೋ ಅಪ್’ (ರೋಗಿಯ ಸುದ್ದಿ ಕೊನೆಯ ಸಲ ಸಿಕ್ಕ ತನಕದ ದಿನಗಳು) ಕಾಲಂ ಹಾಕಿದ್ದೇನೆ. ಎನ್‌ಎ (ಮಾಹಿತಿ ಇಲ್ಲ) ಅಂತ ಇದ್ದ ಸಾಲು ತೆಗೆದಿದ್ದೇನೆ. ಇನ್ನೊಂದು, ರೋಗಿಗಳು ಸುಮಾರು 1,100, ನನ್ನ ಟೇಬಲ್‌ನಲ್ಲಿ 1,200ಕ್ಕೂ ಜಾಸ್ತಿ ಸಾಲುಗಳಿವೆ. ಹೇಗೆ?

ಹಳೇ_ಪಿಪೆಟ್:
ಎನ್‌ಎ ತೆಗೆಯುವಾಗ ತೀರಿಕೊಂಡವರನ್ನೇ ತೆಗೆದಿದ್ದೀರಿ. ಬದುಕಿದ್ದವರ ಸಮಯ ‘ಲಾಸ್ಟ್ ಫಾಲೋ ಅಪ್’ನಲ್ಲಿ ಇರುತ್ತದೆ, ತೀರಿಕೊಂಡವರದ್ದು ‘ಡೇಸ್ ಟು ಡೆತ್’ನಲ್ಲಿ. ಅವರಲ್ಲಿ ಹೆಚ್ಚಿನವರಿಗೆ ಮೊದಲ ಕಾಲಂ ಖಾಲಿ. ‘ವೈಟಲ್ ಸ್ಟೇಟಸ್’ (ಬದುಕಿದ್ದಾರೋ ಇಲ್ಲವೋ) ಕಾಲಂ ನೋಡಿ ಎರಡನ್ನೂ ಸೇರಿಸಿ ಒಂದು ಹೊಸ ಕಾಲಂ ಮಾಡಿ. ಗಾಬರಿ ಬೇಡ, ನಾನೂ ಇದೇ ಗುಂಡಿಗೆ ಬಿದ್ದವನು.

ಸಾಲು ಜಾಸ್ತಿ ಇರುವುದಕ್ಕೆ ಬಾರ್‌ಕೋಡ್ (ಪ್ರತಿ ಮಾದರಿಯ ಗುರುತಿನ ಕೋಡ್) ನೋಡಿ. ಮೊದಲ 12 ಅಕ್ಷರ ರೋಗಿಯದ್ದು. 14, 15ನೇ ಅಂಕಿ ಮಾದರಿಯದ್ದು: 01 ಅಂದರೆ ಮೂಲ ಗಡ್ಡೆ, 06 ಹರಡಿದ ಗಡ್ಡೆ, 11 ಪಕ್ಕದ ಆರೋಗ್ಯವಂತ ಅಂಗಾಂಶ. ಈಗ ಕೆಲವು ರೋಗಿಗಳನ್ನು ಎರಡೆರಡು ಸಲ ಎಣಿಸುತ್ತಿದ್ದೀರಿ. 01 ಮಾತ್ರ ಇಟ್ಟುಕೊಳ್ಳಿ.

ಗೆರೆ_ಗೊಂದಲ:
ಗೆರೆ ಇಳಿಯಿತು ಸರ್, ಥ್ಯಾಂಕ್ಸ್! ಈಗ ಟ್ರಿಪಲ್ ನೆಗೆಟಿವ್ ರೋಗಿಗಳನ್ನು (ಎರಡು ಹಾರ್ಮೋನ್ ಗ್ರಾಹಕಗಳು, ಹರ್2 ಪ್ರೋಟೀನ್, ಮೂರೂ ಪರೀಕ್ಷೆ ನೆಗೆಟಿವ್ ಇರುವವರು) ಬೇರೆ ಮಾಡಿ ನೋಡಿದೆ, ಪಿ ಬೆಲೆ 0.04 ಬಂತು, ಅಂದರೆ 0.05ಕ್ಕಿಂತ ಕಡಿಮೆ, ಗುಂಪುಗಳ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಹರ್2 ಕಾಲಂನಲ್ಲಿ ‘ಪಾಸಿಟಿವ್’ ಅಲ್ಲದ್ದನ್ನೆಲ್ಲ ನೆಗೆಟಿವ್ ಅಂದುಕೊಂಡೆ. ಸರಿ ಅಲ್ವಾ?

ಕೋಶ_ಕೋಕಿಲ:
ಅಯ್ಯೋ, ಇಲ್ಲ ರೀ. ಆ ಕಾಲಂನಲ್ಲಿ ‘ಈಕ್ವಿವೋಕಲ್’ (ಖಚಿತವಿಲ್ಲ), ‘ನಾಟ್ ಅವೈಲಬಲ್’ ಎಲ್ಲ ಇವೆ. ಪರೀಕ್ಷೆ ಮಾಡದೇ ಇರುವುದು ಬೇರೆ, ಮಾಡಿ ನೆಗೆಟಿವ್ ಬಂದಿರುವುದು ಬೇರೆ. ‘ಈಕ್ವಿವೋಕಲ್’ ಇದ್ದರೆ ಫಿಶ್ ಪರೀಕ್ಷೆಯ (ಹರ್2 ಜೀನ್‌ನ ಪ್ರತಿಗಳನ್ನು ಎಣಿಸುವ ಪರೀಕ್ಷೆ) ಕಾಲಂ ನೋಡಿ. ಅಲ್ಲೂ ಏನೂ ಇಲ್ಲದಿದ್ದರೆ ಆ ರೋಗಿಯನ್ನು ಗುಂಪಿನಿಂದ ಬಿಡಿ.

ಅದಕ್ಕಿಂತ ದೊಡ್ಡ ತಲೆನೋವು ಫಾಲೋ ಅಪ್. 2006ರಲ್ಲಿ ಶುರುವಾದ ಟಿಸಿಜಿಎಗೆ ಮುಖ್ಯವಾಗಿ ಬೇಕಿದ್ದದ್ದು ಒಳ್ಳೆಯ ಗಡ್ಡೆ ಮಾದರಿ. ರೋಗಿಯ ಮುಂದಿನ ಕಥೆ ಹತ್ತಾರು ಆಸ್ಪತ್ರೆಗಳಿಂದ, ಬೇರೆ ಬೇರೆ ಫಾರಂಗಳಲ್ಲಿ ಬಂತು. ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್ ಐದು ವರ್ಷ ದಾಟಿದ ಮೇಲೂ ಮರುಕಳಿಸುತ್ತದೆ, ಇಲ್ಲಿ ಎಷ್ಟೋ ಜನರನ್ನು ಎರಡು ಮೂರು ವರ್ಷವೂ ನೋಡಿಲ್ಲ. ಸತ್ತವರ ಎಣಿಕೆಯೇ ಸುಮಾರು 150. ಅದನ್ನು ಮತ್ತೆ ಉಪಗುಂಪು ಮಾಡಿದರೆ ಕೈಗೆ ಏನು ಉಳಿಯುತ್ತದೆ?

2018ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಟಿಸಿಜಿಎ-ಸಿಡಿಆರ್ ಟೇಬಲ್ ಬಳಸಿ. 33 ಬಗೆಯ ಕ್ಯಾನ್ಸರ್, 11,160 ರೋಗಿಗಳ ಮಾಹಿತಿಯನ್ನು ಸ್ವಚ್ಛ ಮಾಡಿ ಒಂದೇ ಕಡೆ ಇಟ್ಟಿದ್ದಾರೆ. ಯಾವ ಕ್ಯಾನ್ಸರ್‌ಗೆ ಯಾವ ಎಂಡ್‌ಪಾಯಿಂಟ್ (ಯಾವ ಘಟನೆಯ ತನಕ ಸಮಯ ಅಳೆಯುವುದು) ನಂಬಬಹುದು ಅಂತಲೂ ಹೇಳಿದ್ದಾರೆ. ಸ್ತನ ಕ್ಯಾನ್ಸರ್‌ಗೆ ಒಟ್ಟು ಬದುಕುಳಿಯುವಿಕೆ, ಅಂದರೆ ಓಎಸ್, ಎಚ್ಚರದಿಂದ ಬಳಸಿ ಅಂತಾರೆ. ಪಿಎಫ್‌ಐ ಪರವಾಗಿಲ್ಲ. ಅದು ರೋಗ ಮುಂದುವರಿಯುವ ತನಕದ ಸಮಯ.

ಗೆರೆ_ಗೊಂದಲ:
ಸಿಡಿಆರ್ ಹಾಕಿ, ಹರ್2 ಗೊತ್ತಿಲ್ಲದವರನ್ನು ಬಿಟ್ಟು, ಪಿಎಫ್‌ಐ ಮೇಲೆ ಮತ್ತೆ ಓಡಿಸಿದೆ. ಪಿ ಬೆಲೆ 0.31, ಅಂದರೆ ವ್ಯತ್ಯಾಸಕ್ಕೆ ಆಧಾರ ಉಳಿಯಲಿಲ್ಲ. ಗೈಡ್‌ಗೆ ನಿನ್ನೆಯೇ 0.04 ಅಂತ ಮೇಲ್ ಮಾಡಿಬಿಟ್ಟಿದ್ದೆ...

ಹಳೇ_ಪಿಪೆಟ್:
ಇವತ್ತೇ ಇನ್ನೊಂದು ಮೇಲ್ ಹಾಕಿ. ಕೋಡನ್ನೂ ಜೊತೆಗೆ ಲಗತ್ತಿಸಿ.