ನಮ್ಮ ನೃತ್ಯ ತಂಡದ ಕ್ಲಾಸ್‌ಗೆ ಹೊಸಬರು ಬರ್ತಾ ಇಲ್ಲ. ಆನ್‌ಲೈನ್ ಮಾಡೋದಾ, ನೇರ ಕ್ಲಾಸಾ?

ಹೆಜ್ಜೆಸಾಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಸಮಕಾಲೀನ ನೃತ್ಯ ತಂಡ. ಪ್ರದರ್ಶನಗಳು ಚೆನ್ನಾಗಿ ನಡೆಯುತ್ತಿವೆ. ಆದರೆ ನೃತ್ಯ ತಮಗಲ್ಲ ಅಂದುಕೊಂಡಿರುವವರನ್ನೂ ಮುಟ್ಟಬೇಕು ಅನ್ನೋದು ನಮ್ಮ ಬಹುದಿನದ ಆಸೆ. ವಯಸ್ಸಾದವರು, ಗಾಲಿಕುರ್ಚಿ ಬಳಸುವವರು, ದಿನವಿಡೀ ದುಡಿದು ಸುಸ್ತಾಗಿ ಮನೆಗೆ ಬರುವವರು, ಹೀಗೆ.

ಸ್ಟುಡಿಯೊದಲ್ಲಿ ಉಚಿತ ಕ್ಲಾಸ್ ಇಟ್ಟರೆ ಈಗಾಗಲೇ ನೃತ್ಯ ಕಲಿತವರೇ ಬರುತ್ತಾರೆ. ಆನ್‌ಲೈನ್ ಕ್ಲಾಸ್‌ಗೆ ಮೊದಲು ಜಾಸ್ತಿ ಜನ ಸೇರುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಾರೆ. ಸ್ಟುಡಿಯೊ ಕ್ಲಾಸನ್ನೇ ಝೂಮ್‌ನಲ್ಲಿ ಲೈವ್ ತೋರಿಸಿದರೆ ಎರಡೂ ಕಡೆಯವರಿಗೆ ಆಗುತ್ತಲ್ಲ ಅಂತ ತಂಡದಲ್ಲಿ ಒಂದು ಮಾತಿದೆ. ಇಂಥ ಕ್ಲಾಸ್ ನಡೆಸಿದವರು ಯಾರಾದರೂ ಇದ್ದರೆ ಹೇಳಿ, ಎಲ್ಲಿಂದ ಶುರು ಮಾಡೋದು?

ಕುರ್ಚಿಲಯ

ಹೆಜ್ಜೆಸಾಲು ಅವರೇ, ನಾನು ಒಂದು ತಂಡದಲ್ಲಿ ನರ್ತಕಿ. ಕೆಲವು ವರ್ಷಗಳಿಂದ ನನ್ನ ವಾರದ ಹೆಚ್ಚಿನ ಸಮಯ ಇಂಥ ಕ್ಲಾಸ್‌ಗಳಿಗೇ ಹೋಗುತ್ತದೆ. ಒಂದು ಹಿರಿಯರ ಹಗಲು ಕೇಂದ್ರದಲ್ಲಿ ನೇರವಾಗಿ ಕಲಿಸುತ್ತೇನೆ. ಮನೆಯಿಂದ ಹೊರಗೆ ಬರಲಾಗದವರಿಗೆ ಆನ್‌ಲೈನ್‌ನಲ್ಲಿ ಕಲಿಸುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಜಾಗದ ವಿಷಯ. ಸ್ಟುಡಿಯೊ ಬಾಗಿಲು ತೆರೆದಿಟ್ಟರೆ ಸಾಲದು. ನೃತ್ಯ ತನಗಲ್ಲ ಅಂದುಕೊಂಡವರಿಗೆ ಆ ಬಾಗಿಲು ದಾಟೋದೇ ದೊಡ್ಡ ಕೆಲಸ. ಗೋಡೆ ತುಂಬ ಕನ್ನಡಿ, ಬರಿಗಾಲಲ್ಲಿ ಓಡಾಡುವ ಚುರುಕು ದೇಹಗಳು. ಅದನ್ನು ನೋಡಿದ ತಕ್ಷಣ ವಾಪಸ್ ಹೋದವರನ್ನು ನಾನೇ ಕಂಡಿದ್ದೇನೆ. ಜನ ಮೊದಲೇ ಸೇರುವ ಜಾಗಕ್ಕೆ ನೀವೇ ಹೋಗಬೇಕು. ಶಾಲೆ, ಗ್ರಂಥಾಲಯ, ಆರೋಗ್ಯ ಕೇಂದ್ರ, ಹಿರಿಯರ ಕೂಟ. ಅಲ್ಲಿ ಅವರಿಗೆ ಗೊತ್ತಿರುವ ಒಬ್ಬರು 'ಬನ್ನಿ, ನಾನೂ ಮಾಡ್ತೀನಿ' ಅಂದರೆ ನಿಮ್ಮ ಪೋಸ್ಟರ್‌ಗಿಂತ ಎಷ್ಟೋ ಜಾಸ್ತಿ ಕೆಲಸವಾಗುತ್ತದೆ.

ದೊಡ್ಡ ದೊಡ್ಡವರು ಮಾಡಿದ್ದೂ ಇದನ್ನೇ. ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನುವ ನೃತ್ಯ ತಂಡದ ಪ್ರಧಾನ ನರ್ತಕ ಜಾಕ್ ಡಾಂಬ್ವಾಸ್ 1976ರಲ್ಲಿ ನ್ಯಾಷನಲ್ ಡಾನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಮಕ್ಕಳನ್ನು ಸ್ಟುಡಿಯೊಗೆ ಕರೆಯದೆ ಅವರು ಸರ್ಕಾರಿ ಶಾಲೆಗಳಿಗೇ ಹೋಗಿ ಕಲಿಸಿದರು. ಅಮೆರಿಕದ ಮಾರ್ಕ್ ಮಾರಿಸ್ ಡಾನ್ಸ್ ಗ್ರೂಪ್ ಪಾರ್ಕಿನ್ಸನ್ಸ್ (ಮೈ ನಡುಗುವ, ಚಲನೆ ನಿಧಾನವಾಗುವ ನರರೋಗ) ಇರುವವರಿಗೆ ಕ್ಲಾಸ್ ಶುರು ಮಾಡಿದ್ದು 2001ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಕೇಳಿಕೊಂಡು ಬಂದದ್ದು ಆ ಊರಿನ ಪಾರ್ಕಿನ್ಸನ್ಸ್ ಗುಂಪಿನವರೇ. ಅಂದರೆ ಜನ ಮೊದಲೇ ಒಟ್ಟಾಗಿದ್ದರು, ತಂಡ ಅವರ ಜೊತೆ ಸೇರಿಕೊಂಡಿತು. ಆ ಕ್ಲಾಸ್‌ನ ಮಾದರಿ ಈಗ ಎಷ್ಟೋ ದೇಶಗಳಲ್ಲಿ ಇದೆ.

ಅಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದು. ಅದನ್ನು ಅವರು ಚಿಕಿತ್ಸೆ ಅಂತ ಕರೆಯುವುದಿಲ್ಲ, ನೃತ್ಯದ ಕ್ಲಾಸ್ ಅಂತಲೇ ನಡೆಸುತ್ತಾರೆ. ಪಾರ್ಕಿನ್ಸನ್ಸ್ ಇರುವವರಿಗೆ ನಡೆಯುವಾಗ ಕಾಲು ಇದ್ದಕ್ಕಿದ್ದಂತೆ ನೆಲಕ್ಕೆ ಅಂಟಿದಂತಾಗಬಹುದು. ಸ್ಪಷ್ಟವಾದ ತಾಳ ಕಿವಿಗೆ ಬಿದ್ದರೆ ಎಷ್ಟೋ ಜನರಿಗೆ ಹೆಜ್ಜೆ ಇಡಲು ಸುಲಭವಾಗುತ್ತದೆ. ಆದರೆ ಕ್ಲಾಸ್‌ಗೆ ಬಂದವರು ಅಲ್ಲಿ ರೋಗಿಗಳಲ್ಲ, ಕಲಿಯುವವರು. ದಯವಿಟ್ಟು ಅವರಿಗೆ 'ಸುಲಭದ ವ್ಯಾಯಾಮ' ಕೊಡಬೇಡಿ. ನಿಮ್ಮ ತಂಡದ ಪ್ರದರ್ಶನದಲ್ಲಿರುವ ಚಲನೆಯನ್ನೇ ಕೊಡಿ, ಕುರ್ಚಿಯಲ್ಲಿ ಕೂತು ಮಾಡುವ ಹಾಗೆ ಮಾರ್ಪಡಿಸಿ. ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯವರೂ ತಮ್ಮ ಪಾರ್ಕಿನ್ಸನ್ಸ್ ಕ್ಲಾಸ್‌ಗಳಿಗೆ ತಂಡದ ಬ್ಯಾಲೆಗಳಿಂದಲೇ ವಸ್ತು ತೆಗೆದುಕೊಳ್ಳುತ್ತಾರೆ. ಆಮೇಲೆ ಕ್ಲಾಸ್‌ಗೆ ಬಂದವರನ್ನು ಪ್ರದರ್ಶನಕ್ಕೆ ಕರೆದರೆ ಅವರು ನೋಡುವ ರೀತಿಯೇ ಬೇರೆ. 'ಅದು ನಾನು ಮಾಡಿದ್ದು' ಅಂತ ಪಕ್ಕದವರಿಗೆ ತೋರಿಸುತ್ತಾರೆ.

ಇನ್ನು ಸ್ಟುಡಿಯೊ ಕ್ಲಾಸನ್ನೇ ಝೂಮ್‌ನಲ್ಲಿ ಬಿಡುವ ಯೋಚನೆ. ನನ್ನ ಉತ್ತರ: ಬೇಡ. ಶಿಕ್ಷಕರು ಎದುರಿಗೆ ಇರುವವರ ಕಡೆಗೇ ತಿರುಗುತ್ತಾರೆ, ಅದು ಸಹಜ. ಪರದೆಯ ಆಚೆ ಇರುವವರು ಬೇರೆಯವರ ಕ್ಲಾಸನ್ನು ಕಿಟಕಿಯಿಂದ ನೋಡಿದ ಹಾಗಾಗುತ್ತದೆ. ನಿಮ್ಮ ಆನ್‌ಲೈನ್ ಜನ ಬಿಟ್ಟುಹೋಗುವುದಕ್ಕೆ ಇಂಥ ಭಾವನೆಯೇ ಕಾರಣ ಇರಬಹುದು. ಆನ್‌ಲೈನ್ ಕ್ಲಾಸ್ ಬೇರೆಯೇ ಇರಲಿ. ಗುಂಪು ಚಿಕ್ಕದಿರಲಿ. ಹೆಸರು ಹಿಡಿದು ಮಾತಾಡಿಸಿ. ಶುರುವಿಗೆ ಮುಂಚೆ, ಮುಗಿದ ಮೇಲೆ ಹತ್ತು ನಿಮಿಷ ಎಲ್ಲರ ಮೈಕ್ ತೆರೆದು ಹರಟೆಗೆ ಬಿಡಿ. ನಮ್ಮ ಕ್ಲಾಸ್‌ನಲ್ಲಿ ಎಷ್ಟೋ ಜನ ಆ ಹರಟೆಗೇ ಬರುತ್ತಾರೆ, ಅದು ತಪ್ಪೇನಲ್ಲ ಅಲ್ವಾ?

ತಂತಿತಾಳ

ಕುರ್ಚಿಲಯ ಅವರು ಹೇಳಿದ್ದು ಸರಿ. ನಾನು ಸಂಗೀತ ಮತ್ತು ಧ್ವನಿ ನೋಡಿಕೊಳ್ಳುವವನು. ತಾಂತ್ರಿಕ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ.

ಆನ್‌ಲೈನ್‌ನಲ್ಲಿ ಧ್ವನಿ ಮತ್ತು ಚಿತ್ರ ಸ್ವಲ್ಪ ತಡವಾಗಿಯೇ ತಲುಪುತ್ತವೆ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತ ಅಂದರೆ ಅರ್ಧ ಸೆಕೆಂಡ್. ಹೋಗಿ ಬರುವಾಗ ಕಾಲು ಸೆಕೆಂಡ್ ತಡವಾದರೂ ಅರ್ಧ ಬಡಿತ ತಪ್ಪಿತು. ಕಲಿಯುವವರಿಗೆ ಇದು ತೊಂದರೆಯಲ್ಲ, ಅವರಿಗೆ ನಿಮ್ಮ ಸಂಗೀತ, ನಿಮ್ಮ ಚಲನೆ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ನಿಮಗೆ ಮಾತ್ರ ಅವರು ಹಿಂದೆ ಬಿದ್ದಂತೆ ಕಾಣುತ್ತಾರೆ. ಆದ್ದರಿಂದ 'ತಾಳ ತಪ್ಪಿತು' ಅಂತ ಆನ್‌ಲೈನ್‌ನಲ್ಲಿ ಯಾರನ್ನೂ ತಿದ್ದಬೇಡಿ. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟುವ ಆಟವೂ ಆಗುವುದಿಲ್ಲ. ಒಬ್ಬರು ಮಾಡಿ ತೋರಿಸೋದು, ಉಳಿದವರು ಉತ್ತರ ಕೊಡೋದು, ಇದು ಚೆನ್ನಾಗಿ ನಡೆಯುತ್ತದೆ.

ಸಂಗೀತವನ್ನು ಕೋಣೆಯ ಸ್ಪೀಕರ್‌ನಲ್ಲಿ ಹಾಕಿ ಮೈಕ್ ಮೂಲಕ ಕಳಿಸಬೇಡಿ. ಝೂಮ್ ಅದನ್ನು ಗದ್ದಲ ಅಂದುಕೊಂಡು ಅಳಿಸಿಬಿಡುತ್ತದೆ. ಕಂಪ್ಯೂಟರ್ ಧ್ವನಿಯನ್ನೇ ಶೇರ್ ಮಾಡಿ. ಪಕ್ಕದಲ್ಲಿ ಯಾರಾದರೂ ವಾದ್ಯ ನುಡಿಸುತ್ತಿದ್ದರೆ ಝೂಮ್‌ನ 'ಒರಿಜಿನಲ್ ಸೌಂಡ್' ಸೆಟ್ಟಿಂಗ್ ಆನ್ ಮಾಡಿ, ಆಗ ಅದು ಧ್ವನಿಯನ್ನು ಅಳಿಸದೆ ಕಳಿಸುತ್ತದೆ. ಯೂಟ್ಯೂಬ್, ಫೇಸ್‌ಬುಕ್ ಲೈವ್‌ನಲ್ಲಿ ಬೇರೆಯವರ ಹಾಡು ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಮಧ್ಯದಲ್ಲೇ ಮ್ಯೂಟ್ ಆಗಬಹುದು. ಸಾಧ್ಯವಾದರೆ ಒಬ್ಬ ವಾದಕರನ್ನು ಜೊತೆಗೆ ಸೇರಿಸಿಕೊಳ್ಳಿ. ನೇರ ಕ್ಲಾಸ್‌ನಲ್ಲಂತೂ ನುಡಿಸುವವರು ಎದುರಿಗಿದ್ದರೆ ಜನ ಸುಸ್ತಾದಾಗ ವೇಗ ಇಳಿಸಬಹುದು.

ಮತ್ತೆ ಎಡ-ಬಲ. ಝೂಮ್‌ನ ಮಿರರ್ ಸೆಟ್ಟಿಂಗ್ ನಿಮಗೆ ಕಾಣುವ ನಿಮ್ಮ ಚಿತ್ರವನ್ನಷ್ಟೇ ತಿರುಗಿಸುತ್ತದೆ, ಬೇರೆಯವರಿಗೆ ಏನೂ ಬದಲಾಗುವುದಿಲ್ಲ. ಕ್ಯಾಮೆರಾಗೆ ಮುಖ ಮಾಡಿದ್ದರೆ 'ಬಲಗೈ' ಅಂತ ಹೇಳಿ ನೀವು ಎಡಗೈ ಎತ್ತಬೇಕು, ಆಗ ಅವರಿಗೆ ಕನ್ನಡಿ ನೋಡಿ ಮಾಡಿದ ಹಾಗಾಗುತ್ತದೆ.

ಅಮ್ಮನಜೊತೆ

ನಾನು ನರ್ತಕಿ ಅಲ್ಲ. ನನ್ನ ಅಮ್ಮ ಇಂಥದ್ದೊಂದು ಆನ್‌ಲೈನ್ ಕ್ಲಾಸ್‌ಗೆ ಸೇರಿದ್ದಾರೆ. ಮನೆಯವರ ಕಡೆಯಿಂದ ಒಂದು ಮಾತು. ಲಿಂಕ್ ಕಳಿಸಿ ಸುಮ್ನೆ ಇರಬೇಡಿ. ಅಮ್ಮನಿಗೆ ಆ ಶಿಕ್ಷಕಿ ಮೊದಲೇ ಫೋನ್ ಮಾಡಿ ಕುರ್ಚಿ ಎಂಥದ್ದು, ನೆಲ ಜಾರುತ್ತಾ, ಮಂಡಿ ನೋವಿದೆಯಾ, ಆ ಹೊತ್ತಿಗೆ ಮನೆಯಲ್ಲಿ ಯಾರಿರ್ತಾರೆ ಅಂತ ವಿಚಾರಿಸಿದರು. ಬಿದ್ದರೆ ಯಾರಿಗೆ ಕರೆ ಮಾಡಬೇಕು ಅಂತ ನಂಬರ್ ಬರೆದುಕೊಂಡರು. ನನಗೆ ಧೈರ್ಯ ಬಂದದ್ದೇ ಆಗ. ಒಂದು ದಿನ ಅಮ್ಮ ಬರಲಿಲ್ಲ ಅಂದರೆ ಅವರಿಂದ ಸಂದೇಶ ಬರುತ್ತದೆ. ಅಮ್ಮ ಬಿಡದೆ ಸೇರುವುದು ಅದಕ್ಕೇ.

ಹೆಜ್ಜೆಸಾಲು

ಎಲ್ಲರಿಗೂ ತುಂಬ ಧನ್ಯವಾದ. ಒಂದೇ ಅನುಮಾನ ಉಳಿದಿದೆ. ನಮ್ಮ ನರ್ತಕರು ಯಾರೂ ಗಾಲಿಕುರ್ಚಿಯಲ್ಲಿ ಇರುವವರಿಗೆ ಕಲಿಸಿದವರಲ್ಲ. ತರಬೇತಿ ಮುಗಿಯುವ ತನಕ ಕಾಯಬೇಕಾ?

ಕುರ್ಚಿಲಯ

ತರಬೇತಿ ಬೇಕು. ಪಾರ್ಕಿನ್ಸನ್ಸ್ ಕ್ಲಾಸ್‌ಗಂತೂ ಕಲಿಯದೆ ಇಳಿಯಬೇಡಿ, ಮಾರ್ಕ್ ಮಾರಿಸ್ ತಂಡದವರು ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಆದರೆ ತರಬೇತಿಗಿಂತ ಮುಖ್ಯವಾದದ್ದು, ಗಾಲಿಕುರ್ಚಿ ಬಳಸುವ ಒಬ್ಬರು ನಿಮ್ಮ ಜೊತೆ ಕಲಿಸುವವರಾಗಿ ಇರಬೇಕು, ಸಂಭಾವನೆ ಪಡೆದು. ಲಂಡನ್ನಿನ ಕ್ಯಾಂಡೊಕೊ ತಂಡ 1991ರಿಂದ ಅಂಗವಿಕಲ ನರ್ತಕರು, ಉಳಿದ ನರ್ತಕರು ಒಂದೇ ವೇದಿಕೆಯಲ್ಲಿ ಇರುವ ಹಾಗೆ ಕೆಲಸ ಮಾಡಿಕೊಂಡು ಬಂದಿದೆ. ಅವರ ಪ್ರದರ್ಶನದ ವಿಡಿಯೊಗಳನ್ನು ತಂಡದವರೆಲ್ಲ ಕೂತು ನೋಡಿ. ಗಾಲಿಯ ತಿರುವು, ಕುರ್ಚಿಯ ವೇಗ ಎಲ್ಲವೂ ಅಲ್ಲಿ ನೃತ್ಯವೇ.

ಅಲ್ಲಿಯವರೆಗೆ ಹಿರಿಯರ ಕೂಟದಿಂದ ಶುರು ಮಾಡಬಹುದು. ಚಕ್ರ ಇಲ್ಲದ, ಕೈ ಇಲ್ಲದ, ಗಟ್ಟಿ ಕುರ್ಚಿಗಳು ಇವೆಯಾ ನೋಡಿಕೊಳ್ಳಿ. ನಿಮ್ಮ ನರ್ತಕರು ಇಡೀ ಕ್ಲಾಸನ್ನು ಕೂತೇ ಮಾಡಿ ಅಭ್ಯಾಸ ಮಾಡಲಿ, ಬೆನ್ನು ಎಲ್ಲಿ ಹಿಡಿಯುತ್ತೆ ಅಂತ ಅವರಿಗೇ ಗೊತ್ತಾಗುತ್ತದೆ. ಅಲ್ಲಿ ಬರುವವರಲ್ಲಿ ಯಾರಾದರೂ ಮುಂದೆ ಮನೆಯಿಂದ ಹೊರಡಲಾಗದ ಸ್ಥಿತಿಗೆ ಬಂದರೆ ಅವರಿಂದಲೇ ಆನ್‌ಲೈನ್ ಗುಂಪು ಶುರು ಮಾಡಿ. ಮುಖಪರಿಚಯ ಇದ್ದವರು ಪರದೆಯ ಮುಂದೆ ಬಿಟ್ಟುಹೋಗುವುದು ಕಡಿಮೆ. ದಿನ ಮತ್ತು ಸಮಯವನ್ನು ಮಾತ್ರ ನೀವು ನಿರ್ಧರಿಸಬೇಡಿ. ಈ ವಾರವೇ ಒಬ್ಬರು ಹೋಗಿ, ಅವರಿಗೆ ಯಾವ ಹೊತ್ತು ಅನುಕೂಲ ಅಂತ ಕೇಳಿಕೊಂಡು ಬನ್ನಿ.