ಪೂಲ್ ಟೂರ್ನಿಗೆ ಒಂಬತ್ತೇ ದಿನ: ಟಿಪ್ ಬದಲಿಸಲೇ, ಶಾಫ್ಟನ್ನೇ ಬದಲಿಸಲೇ?

ಕಪ್ಪುಚೆಂಡು:
ಎಂಟು ವರ್ಷದಿಂದ ಒಂದೇ ಮೇಪಲ್ ಕ್ಯೂ (ಆಡುವ ಕೋಲು), 19 ಔನ್ಸ್, 13 ಮಿ.ಮೀ. ಟಿಪ್ (ತುದಿಯ ಚರ್ಮದ ತುಂಡು). ಕಳೆದ ವಾರದಿಂದ ಮಿಸ್‌ಕ್ಯೂ, ಅಂದರೆ ಟಿಪ್ ಚೆಂಡಿನ ಮೇಲೆ ಜಾರುವುದು, ಹೆಚ್ಚಾಗಿದೆ. ನಿನ್ನೆ ಎಂಟನೇ ಚೆಂಡಿಗೆ ನಿಂತಾಗ ಕ್ಯೂ ಟಕ್ ಎಂದು ಜಾರಿ, ಬಿಳಿ ಚೆಂಡು ನಡುವಿನ ಪಾಕೆಟ್‌ಗೆ ಬಿತ್ತು. ಎದುರಾಳಿ ನಗಲೂ ಇಲ್ಲ, ಸುಮ್ಮನೆ ಚೆಂಡನ್ನು ಕೈಗೆತ್ತಿಕೊಂಡರು. ಗೆಳೆಯರೊಬ್ಬರು ತಮ್ಮ ಕಾರ್ಬನ್ ಫೈಬರ್ ಶಾಫ್ಟ್ (ಕ್ಯೂನ ಮುಂದಿನ ಅರ್ಧ) ಕೊಡುತ್ತೇನೆ ಎನ್ನುತ್ತಿದ್ದಾರೆ. ಅದು ನನ್ನ ಕ್ಯೂಗೆ ಸರಿಯಾಗಿ ಕೂರುತ್ತದೆ. ಹಾಕಿಕೊಳ್ಳಲೇ?

ಹಳೇಕ್ಯೂ:
ಶಾಫ್ಟ್ ವಿಚಾರ ಆಮೇಲೆ ಸರ್. ಮೊದಲು ಟಿಪ್ ಅನ್ನು ಬೆಳಕಿಗೆ ಹಿಡಿಯಿರಿ. ಗಾಜಿನಂತೆ ಹೊಳೆಯುತ್ತಿದೆಯೇ? ಅಂಚು ಅಣಬೆಯ ಕೊಡೆಯಂತೆ ಆಚೆ ಚಾಚಿದೆಯೇ? ಬದಿಗೆ ಉಗುರು ಹಾಕಿದರೆ ಚರ್ಮದ ಪದರ ಬಾಯಿ ಬಿಡುತ್ತದೆಯೇ? ಬರೀ ಹೊಳಪಾದರೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದರೆ ಚಾಕ್ (ಜಾರದಿರಲು ಟಿಪ್‌ಗೆ ಹಚ್ಚುವ ಪುಡಿ) ಮತ್ತೆ ಹಿಡಿಯುತ್ತದೆ.

ನಟ್ಟನಡುವೆ ಹೊಡೆದಾಗಲೂ ಜಾರುತ್ತದೆಯೇ, ತಿಳಿಸಿ. ಪೂಲ್ ಚೆಂಡಿನ ವ್ಯಾಸ ಸುಮಾರು 57 ಮಿ.ಮೀ.; ನಡುವಿನಿಂದ 14 ಮಿ.ಮೀ. ದಾಟಿ ತಾಗಿದರೆ ಹೊಸ ಟಿಪ್ ಕೂಡ ಜಾರುತ್ತದೆ. ಆಗ ತಪ್ಪು ಕೋಲಿನದಲ್ಲ.

ಕಪ್ಪುಚೆಂಡು:
ನಡುವೆ ಹೊಡೆದಾಗಲೂ ಎರಡು ಸಲ ಜಾರಿತು. ಉಗುರು ಹಾಕಿ ನೋಡಿದೆ, ಒಂದು ಬದಿ ಪದರ ಬಿಟ್ಟುಕೊಂಡಿದೆ. ಇಷ್ಟು ದಿನ ನೋಡಿಯೇ ಇರಲಿಲ್ಲ ಎನ್ನಲು ನಾಚಿಕೆ.

ಹಳೇಕ್ಯೂ:
ಹಾಗಾದರೆ ಟಿಪ್ ಇವತ್ತೇ ಬದಲಿಸಿ. ಅದೇ ಕಂಪನಿಯದು, ಅದೇ ಗಡಸುತನದ್ದು. ಹೊಸ ಚರ್ಮ ಮೊದಲ ಕೆಲವು ಗಂಟೆಗಳ ಆಟದಲ್ಲಿ ಒತ್ತಿಕೊಂಡು ಅಗಲವಾಗುತ್ತದೆ, ಮತ್ತೊಮ್ಮೆ ಅಂಚು ಸವರಿಸಬೇಕಾಗುತ್ತದೆ. ಅದಕ್ಕೆ ಒಂಬತ್ತು ದಿನ ಧಾರಾಳ. ಹಿಂದಿನ ರಾತ್ರಿ ಹಾಕಿಸಿದರೆ ಕೆಟ್ಟಿರಿ.

ಶಾಫ್ಟ್ ಮಾತ್ರ ಬೇಡ. ಬಲ ಸೈಡ್ ಕೊಟ್ಟಾಗ, ಅಂದರೆ ಚೆಂಡು ತಿರುಗಲೆಂದು ಅದರ ನಡುವಿನಿಂದ ಬಲಕ್ಕೆ ಹೊಡೆದಾಗ, ಬಿಳಿ ಚೆಂಡು ತುಸು ಎಡಕ್ಕೆ ಸರಿದು ಹೊರಡುತ್ತದೆ; ಶಾಫ್ಟಿನ ತುದಿ ಭಾರವಿದ್ದಷ್ಟೂ ಹೆಚ್ಚು ಸರಿಯುತ್ತದೆ. ಎಂಟು ವರ್ಷದಲ್ಲಿ ನಿಮ್ಮ ಕಣ್ಣು ಆ ಲೆಕ್ಕ ಹಿಡಿದು, ನಿಮಗೇ ಗೊತ್ತಿಲ್ಲದಂತೆ ಬಲಕ್ಕೆ ಗುರಿಯಿಡುತ್ತಿದೆ. ಕಾರ್ಬನ್ ಶಾಫ್ಟಿನ ತುದಿ ಸಾಮಾನ್ಯವಾಗಿ ಹಗುರ. ಹಳೆಯ ಗುರಿಗೇ ಹೊಡೆದರೆ ಚೆಂಡು ಬಲಕ್ಕೇ ಉಳಿದುಬಿಡುತ್ತದೆ. ನೇರ ಹೊಡೆತದಲ್ಲಿ ಇದು ತಿಳಿಯುವುದೇ ಇಲ್ಲ. ಅಂಗಡಿಯಲ್ಲಿ ನಾಲ್ಕು ಹೊಡೆತ ಹೊಡೆದವರಿಗೆಲ್ಲ ಹೊಸ ಶಾಫ್ಟ್ ಇಷ್ಟವಾಗುವುದು ಅದಕ್ಕೇ.

ಚಾಕ್‌ಪುಡಿ:
ಕಾರ್ಬನ್ನನ್ನು ಅಷ್ಟು ತೆಗೆದುಹಾಕಬೇಡಿ. ಮಳೆಗಾಲದಲ್ಲಿ ಬಾಗುವುದಿಲ್ಲ, ಒರೆಸಿದರೆ ನುಣುಪಾಗುತ್ತದೆ. ನಾನು ಅದಕ್ಕೇ ಹೋದೆ, ಹಿಂದೆ ನೋಡಿಲ್ಲ. ಆದರೆ ಸೈಡ್ ಹೊಡೆತದ ಮೇಲೆ ನಂಬಿಕೆ ಬರಲು ಎರಡು ತಿಂಗಳು ಹಿಡಿಯಿತು ಎಂಬುದೂ ನಿಜ. ಕ್ಯೂನ ಹಿಂದಿನ ಅರ್ಧ, ಇನ್ನೊಂದು ಹಿಡಿ, ಸಿಕ್ಕಿದರೆ ಗೆಳೆಯರ ಶಾಫ್ಟನ್ನು ಅದಕ್ಕೆ ಹಾಕಿ ಬ್ರೇಕ್‌ಗೆ (ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತಕ್ಕೆ) ಮಾತ್ರ ಬಳಸಿ. ಅಲ್ಲಿ ಸೈಡ್ ಕೊಡುವ ಮಾತೇ ಇಲ್ಲ.

ಕಪ್ಪುಚೆಂಡು:
ಟಿಪ್ ಹಾಕಿಸಿದೆ. ಕುತೂಹಲ ತಡೆಯಲಾರದೆ ಆ ಶಾಫ್ಟನ್ನೂ ಹಾಕಿ ನೋಡಿದೆ: ಮೇಜಿನ ಉದ್ದಕ್ಕೂ, ಬಲ ಸೈಡ್ ಕೊಟ್ಟು, ಹತ್ತು ಹೊಡೆತ. ಏಳು ತಪ್ಪಿದವು, ಏಳರಲ್ಲೂ ಬಿಳಿ ಚೆಂಡು ಬಲಕ್ಕೇ ಹೋಯಿತು. ಹಳೆಯದರಲ್ಲಿ ತಪ್ಪಿದ್ದು ಎರಡು. ಶಾಫ್ಟ್ ಗೆಳೆಯರ ಚೀಲ ಸೇರಿದೆ. ಹೊಸ ಟಿಪ್‌ನ ಸದ್ದು ಇನ್ನೂ ಸ್ವಲ್ಪ ಮೊಂಡು. ಶನಿವಾರ ಅಂಚು ಸವರಿಸಲು ಹೋಗುತ್ತೇನೆ.