31 ವರ್ಷ ಯೂತ್ ಫೆಲೋಶಿಪ್ ನಡೆಸಿದ್ದಾಯಿತು, ಈಗ ಬಿಡುವುದು ಹೇಗೆ?

ತುಮಕೂರಿನವನು

ಎಲ್ಲರಿಗೂ ನಮಸ್ಕಾರ. 1994ರಲ್ಲಿ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ನಮ್ಮ ಚರ್ಚಿನ, ಯೂತ್ ಫೆಲೋಶಿಪ್‌ಗೆ (ಯುವಜನರ ಕೂಟಕ್ಕೆ) ಕಾರ್ಯದರ್ಶಿ ಆದಾಗ ನನಗೆ 24. ಆಗಿದ್ದ ಅಯ್ಯನವರು (ನಮ್ಮ ಪಾದ್ರಿ) "ಒಂದು ವರ್ಷ ನೋಡಿಕೊಳ್ಳಪ್ಪ, ಆಮೇಲೆ ಬೇರೆ ಯಾರಾದರೂ ಬರ್ತಾರೆ" ಅಂದಿದ್ದರು. ಯಾರೂ ಬರಲಿಲ್ಲ. ಅಯ್ಯನವರುಗಳೇ ಏಳೆಂಟು ಜನ ವರ್ಗವಾಗಿ ಹೋದರು, ನಾನು ಮಾತ್ರ ಅಲ್ಲೇ ಇದ್ದೇನೆ. ಅಣ್ಣ ಅನ್ನುತ್ತಿದ್ದವರು ಅಂಕಲ್ ಅನ್ನತೊಡಗಿದರು. ಹೋದ ತಿಂಗಳು ಒಬ್ಬಳು ಹುಡುಗಿ "ನಮ್ಮಮ್ಮನಿಗೂ ನೀವೇ ಲೀಡರ್ ಅಂತೆ, ಹೌದಾ?" ಎಂದು ಕೇಳಿದಳು. ಅವತ್ತೇ ತೀರ್ಮಾನ ಮಾಡಿದೆ, ಈ ಸಲದ ಕ್ರಿಸ್‌ಮಸ್ ಕ್ಯಾರಲ್ಸ್ (ಮನೆಮನೆಗೆ ಹೋಗಿ ಹಾಡುವುದು) ಮುಗಿಸಿ ಬಿಟ್ಟುಬಿಡಬೇಕು ಅಂತ.

ಬಿಡುವ ಮುಂಚೆ ಸುಮ್ನೆ ಹಳೆಯ ಹಾಜರಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಒಂಬತ್ತಿವೆ. ಹೆಸರು ನಾನೂರಕ್ಕೂ ಜಾಸ್ತಿ. ಇವತ್ತು ಭಾನುವಾರದ ಆರಾಧನೆಯಲ್ಲಿ ಕಣ್ಣಿಗೆ ಬೀಳುವವರು ಮೂವತ್ತು ಜನ ಇರಬಹುದು. ಉಳಿದವರಲ್ಲಿ ಬೆಂಗಳೂರಿಗೆ ಹೋದವರು, ದುಬೈಗೆ ಹೋದವರು, ಇಂಗ್ಲಿಷ್ ಆರಾಧನೆ, ಡ್ರಮ್ಸ್ ಎಲ್ಲ ಇರುವ ದೊಡ್ಡ ಸಭೆ ಹಿಡಿದವರು ಇದ್ದಾರೆ, ಇನ್ನು ಕೆಲವರು ಯಾವ ಚರ್ಚಿಗೂ ಹೋಗುವುದಿಲ್ಲ. 1998ರ ಪುಸ್ತಕದಲ್ಲಿ ಒಂದು ಹೆಸರು ಇದೆ, 52 ಶನಿವಾರಗಳಲ್ಲಿ 49 ಹಾಜರಿ. ಮುಖ ಎಷ್ಟು ನೆನೆಸಿಕೊಂಡರೂ ಬರುತ್ತಿಲ್ಲ. ನಾಟಕದಲ್ಲಿ ಇದ್ದವನಲ್ಲ, ಬೈಬಲ್ ಕ್ವಿಜ್‌ನಲ್ಲಿ ಗೆದ್ದವನಲ್ಲ. 49 ವಾರ ಎದುರಿಗೆ ಕೂತವನ ಮುಖ ಮರೆತ ಮೇಲೆ ನಾನು ಅಷ್ಟು ವರ್ಷ ಮಾಡಿದ್ದಾದರೂ ಏನು ಅನ್ನಿಸಿಬಿಟ್ಟಿದೆ. ನಿಮ್ಮಲ್ಲಿ ಯಾರಾದರೂ ಹೀಗೆ ಬಹಳ ವರ್ಷ ಮಾಡಿ ಬಿಟ್ಟವರು ಇದ್ದರೆ ಹೇಳಿ.

ಬೆಳಗಿನ ರೈಲು

ಅಂಕಲ್, ನಾನೂ ನಿಮ್ಮ ಊರಿನವನೇ, ಸಭೆ ಬೇರೆ. ದಿನಾ 70 ಕಿಲೋಮೀಟರ್ ಹೋಗಿ 70 ಕಿಲೋಮೀಟರ್ ವಾಪಸ್ ಬರುವವನಿಗೆ ಶನಿವಾರ ಸಂಜೆ ಆರೂವರೆ ಅಂದರೆ ನಿದ್ದೆಯ ಹೊತ್ತು, ದೇವರ ಮೇಲೆ ಸಿಟ್ಟೇನೂ ಇಲ್ಲ. ದಯವಿಟ್ಟು ಬರದವರನ್ನೆಲ್ಲ ಬಿಟ್ಟುಹೋದವರ ಲೆಕ್ಕಕ್ಕೆ ಹಾಕಬೇಡಿ. ನಮ್ಮ ಲೀಡರ್ ಒಂದು ಸೋಮವಾರ ಹೇಳದೆ ಕೇಳದೆ ನಮ್ಮ ಜೊತೆ ರೈಲು ಹತ್ತಿದರು. ಪ್ರಸಂಗ ಗಿಸಂಗ ಏನೂ ಮಾಡಲಿಲ್ಲ. ಡಬ್ಬಿಯಲ್ಲಿ ಇಡ್ಲಿ ತಂದಿದ್ದರು, ಹಂಚಿಕೊಂಡು ತಿಂದೆವು, ಯಶವಂತಪುರದಲ್ಲಿ ಇಳಿದು ವಾಪಸ್ ಹೋದರು. ಹತ್ತು ವರ್ಷದ ಯೂತ್ ಮೀಟಿಂಗ್‌ಗಳಲ್ಲಿ ನನಗೆ ನೆನಪಿರುವುದು ಆ ಇಡ್ಲಿ ಒಂದೇ, ನಿಜವಾಗ್ಲೂ.

ಹಳೇ ಕ್ವಾಯರ್ ಹುಡುಗಿ

ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಬೇರೆಯವರು ಬರಲಿಲ್ಲವೋ, ನೀವು ಬಿಡಲಿಲ್ಲವೋ?

ನಮ್ಮದು ಹಾಸನದ ಕಡೆ. ನಮ್ಮಲ್ಲೂ ನಿಮ್ಮ ಹಾಗೇ ಒಬ್ಬರು ಇದ್ದರು, ತುಂಬಾ ಒಳ್ಳೆಯವರು, ಅದನ್ನು ಇಲ್ಲ ಅನ್ನಲ್ಲ. ಆದರೆ ಏಪ್ರಿಲ್ ಬಂದರೆ ವಿಬಿಎಸ್‌ನ (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆಯ) ಹತ್ತು ದಿನ ಎಂಬತ್ತು ಮಕ್ಕಳನ್ನು ಹಿಡಿದು ಕೂರಿಸಿ, ಚಾರ್ಟ್ ಬರೆದು, ಆ್ಯಕ್ಷನ್ ಸಾಂಗ್ ಕಲಿಸಿ, ಜ್ಯೂಸ್ ಕಲಸಿ ಕೊಟ್ಟು ಗಂಟಲು ಕಟ್ಟಿಸಿಕೊಳ್ಳುತ್ತಿದ್ದವರು ನಾವು ಹುಡುಗಿಯರು. ಕೊನೆಯ ದಿನ ಸ್ಟೇಜ್ ಮೇಲೆ ವರದಿ ಓದುವವರು ಅವರು. ಕ್ಯಾರಲ್ಸ್ ಕಥೆ ಕೇಳಿ: ರಾತ್ರಿ 8ಕ್ಕೆ ಶುರು, ಬೆಳಗಿನ ಜಾವ 2ಕ್ಕೆ ಮುಗಿಯೋದು. ಹತ್ತು ಗಂಟೆಗೆಲ್ಲ ನಮ್ಮನ್ನು ಮನೆಗೆ ಬಿಟ್ಟು ಹುಡುಗರು ಮುಂದೆ ಹೋಗುತ್ತಿದ್ದರು. ಕೊನೆಯ ಮನೆಯಲ್ಲಿ ಬಿರಿಯಾನಿ. ಒಂಬತ್ತು ವರ್ಷ ಕ್ವಾಯರ್‌ನಲ್ಲಿ ಆಲ್ಟೋ (ಹೆಂಗಸರ ಕೆಳದನಿ) ಹಾಡಿದ್ದೇನೆ, ಆ ಬಿರಿಯಾನಿಯ ರುಚಿ ಇವತ್ತಿಗೂ ಗೊತ್ತಿಲ್ಲ!

2020ರ ಲಾಕ್‌ಡೌನ್‌ನಲ್ಲಿ ಚರ್ಚ್ ಬಾಗಿಲು ಹಾಕಿದಾಗ ಸಭೆಯ ವಯಸ್ಸಾದವರ ಪಟ್ಟಿ ಮಾಡಿ ಯಾರಿಗೆ ಮಾತ್ರೆ ಬೇಕು, ಯಾರಿಗೆ ರೇಷನ್ ಬೇಕು ಅಂತ ಫೋನ್ ಮಾಡಿದವರೂ ಮೂರು ಜನ ಹುಡುಗಿಯರೇ. ಯಾರೂ ಅವರಿಗೆ ಹೇಳಿರಲಿಲ್ಲ. ಲೀಡರ್‌ಗೆ ಝೂಮ್ ಬರುತ್ತಿರಲಿಲ್ಲ, ಅದಕ್ಕೇ ಅವರಿಗೆ ಅವಕಾಶ ಸಿಕ್ಕಿದ್ದು ಅಂತ ನಾವು ಈಗಲೂ ನಗುತ್ತೇವೆ.

ನಿವೃತ್ತ ಅಯ್ಯ, ಉಡುಪಿ ಕಡೆ

ಸಹೋದರರೇ, ನಮ್ಮಂಥವರಿಗೆ ಬಿಡುವುದನ್ನು ಡಯಾಸಿಸ್ (ಬಿಷಪ್ಪರ ಆಡಳಿತ) ಕಲಿಸುತ್ತದೆ. ವರ್ಗದ ಪತ್ರ ಬಂದರೆ ಲಾರಿಗೆ ಸಾಮಾನು ಹಾಕಲೇಬೇಕು. ನಿಮ್ಮಂಥ ಸ್ವಯಂಸೇವಕರಿಗೆ ಆ ಪತ್ರ ಯಾರೂ ಕೊಡುವುದಿಲ್ಲ, ನೀವೇ ಬರೆದುಕೊಳ್ಳಬೇಕು.

ಜಾರ್ಜ್ ವಿಲಿಯಮ್ಸ್ 1844ರಲ್ಲಿ ಲಂಡನ್ನಿನಲ್ಲಿ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಶುರು ಮಾಡಿದಾಗ ಅವರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ 22 ವರ್ಷದ ಹುಡುಗ. ನಮ್ಮ ಸಭೆಗಳಲ್ಲಿ 22ರವರಿಗೆ ಮೈಕ್ ಸೆಟ್ಟಿನ ಬೀಗದ ಕೈ ಕೊಡಲಿಕ್ಕೂ ನಾವು ಕಮಿಟಿ ಕರೆಯುತ್ತೇವೆ. ರೈಲಿನ ತಮ್ಮ ಹೇಳಿದ್ದಕ್ಕೆ ಒಂದು ಮಾತು. ರಾಬರ್ಟ್ ರೈಕ್ಸ್ 1780ರಲ್ಲಿ ಗ್ಲೌಸ್ಟರ್‌ನಲ್ಲಿ ಸಂಡೇ ಸ್ಕೂಲ್ ತೆರೆದದ್ದು ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದಲು ಕಲಿಸಲಿಕ್ಕೆ, ಅವರಿಗೆ ಬಿಡುವು ಇದ್ದದ್ದು ಆ ಒಂದೇ ದಿನ. ಬಿಡುವು ಯಾವಾಗ ಅಂತ ಮೊದಲು ನೋಡಿದರು. ನಾವು ಶನಿವಾರ ಆರೂವರೆ ಅಂತ ಬೋರ್ಡ್ ಬರೆದು ಕಾಯುತ್ತೇವೆ.

ಕೀಬೋರ್ಡ್, ಸ್ಪೀಕರ್, ರಸೀದಿ ಪುಸ್ತಕ, ಕ್ಯಾರಲ್ಸ್ ಹಣದ ಬಾಕಿ ಎಲ್ಲ ಪಟ್ಟಿ ಮಾಡಿ ಇಬ್ಬರ ಸಹಿ ಹಾಕಿಸಿ ಕೊಟ್ಟುಬಿಡಿ. ವಾಟ್ಸಾಪ್ ಗ್ರೂಪಿನಿಂದಲೂ ಹೊರಗೆ ಬನ್ನಿ. ಒಂದು ವರ್ಷ ಆ ಕೋಣೆಗೆ ಕಾಲಿಡಬೇಡಿ, ಅವರು ಯೂತ್ ಸಂಡೇ (ಯುವಜನರೇ ಆರಾಧನೆ ನಡೆಸುವ ಭಾನುವಾರ) ಕೆಡಿಸಿದರೂ ಸರಿ. ಕೆಡಿಸುತ್ತಾರೆ, ನೀವೂ ಕೆಡಿಸಿದ್ದೀರಿ ಅಲ್ವಾ?

ತುಮಕೂರಿನವನು

ಕ್ವಾಯರ್ ತಂಗಿಯ ಪ್ರಶ್ನೆ ಓದಿ ಎರಡು ದಿನ ಈ ಕಡೆ ಬರಲಿಲ್ಲ. 2009ರಲ್ಲಿ ಒಬ್ಬಳು ಹುಡುಗಿ ಈ ಸಲದ ರಿಟ್ರೀಟ್ ನಾನು ನಡೆಸಲಾ ಅಣ್ಣ ಅಂತ ಕೇಳಿದ್ದಳು. ಮುಂದಿನ ವರ್ಷ ನೋಡೋಣಮ್ಮ ಅಂದಿದ್ದೆ. ಮುಂದಿನ ವರ್ಷ ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಯ್ಯನವರೇ, ಪಟ್ಟಿ ಶುರು ಮಾಡಿದ್ದೇನೆ. ಗ್ರೂಪಿನಿಂದ ಹೊರಗೆ ಬರುವುದೇ ಕಷ್ಟ, ಅದರ ಅಡ್ಮಿನ್ ನಾನೊಬ್ಬನೇ.

49 ಹಾಜರಿಯವನ ಹೆಸರು ಹೇಳಿದ ತಕ್ಷಣ ನನ್ನ ಹೆಂಡತಿಗೆ ಗೊತ್ತಾಯಿತು. ಕ್ಯಾರಲ್ಸ್‌ಗೆ ಗ್ಯಾಸ್‌ಲೈಟ್ ಹಿಡಿದು ಮುಂದೆ ನಡೆಯುತ್ತಿದ್ದವನಂತೆ. ಫೋಟೋ ತೆಗೆದು ನೋಡಿದರೆ ಹೌದು, ಇದ್ದಾನೆ, ದೀಪದ ಬೆಳಕು ಹೊಡೆದು ಮುಖವೆಲ್ಲ ಬೆಳ್ಳಗಾಗಿದೆ. ಈಗ ಶಿರಾದಲ್ಲಿ ಟೈಲ್ಸ್ ಕೆಲಸ ಮಾಡಿಸುತ್ತಾನಂತೆ. ನಂಬರ್ ಸಿಕ್ಕಿದೆ. ಭಾನುವಾರ ಆರಾಧನೆ ಮುಗಿಸಿಕೊಂಡು ಬಸ್ ಹತ್ತುತ್ತೇನೆ, ಇಡ್ಲಿ ಕಟ್ಟಿಕೊಡಲು ಮನೆಯಲ್ಲಿ ಹೇಳಿದ್ದೇನೆ.